ಪೈಪ್ ಯಾವಾಗ ತೆಗೀತೀರಾ ಮೇಡಂ?

ಬೆಳಗಿನ ಜಾವ ಮೂರೂ ಹತ್ತಕ್ಕೆ ಫೋನ್ ಬಂತು. "ಮೇಡಂ, ಆರನೇ ಬೆಡ್ ಟ್ಯೂಬ್ ಎಳ್ಕೊಂಡ್ಬಿಟ್ರು." ಇಷ್ಟೇ. ರಾತ್ರಿ ಹೊತ್ತು ಐಸಿಯುನಲ್ಲಿ ಯಾರಿಗೂ ಹೆಸರಿರುವುದಿಲ್ಲ, ಬೆಡ್ ನಂಬರ್ ಇರುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್ನನ್ನು ಎರಡು ನಿಮಿಷದಲ್ಲಿ ದಾಟುವ ಭಾಗ್ಯ ಬೆಂಗಳೂರಿನಲ್ಲಿ ಸಿಗುವುದು ಅಂಥ ಹೊತ್ತಲ್ಲಿ ಮಾತ್ರ, ಆದರೆ ಅದನ್ನು ಅನುಭವಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ವೆಂಟಿಲೇಟರಿನ ಗಾಳಿ ಹೋಗುವ ಟ್ಯೂಬ್, ಗಾಳಿ ತುಂಬಿದ ಕಫ್ (ತುದಿಯಲ್ಲಿರುವ ಪುಟ್ಟ ಬಲೂನು) ಸಮೇತ ಗಂಟಲಿಂದ ಕಿತ್ತುಕೊಂಡು ಬಂದರೆ ಧ್ವನಿಪೆಟ್ಟಿಗೆ ಹರಿಯಬಹುದು, ಊದಿಕೊಂಡು ದಾರಿಯೇ ಮುಚ್ಚಿಹೋಗಬಹುದು. ಮತ್ತೆ ಟ್ಯೂಬ್ ಹಾಕುವುದು ಎಷ್ಟು ಕಷ್ಟವಾಗಬಹುದು, ರಾತ್ರಿ ಡ್ಯೂಟಿಯ ಜೂನಿಯರ್ ಹುಡುಗನಿಗೆ ಒಬ್ಬನಿಗೇ ಆಗುತ್ತಾ, ಎಂದೆಲ್ಲ ಲೆಕ್ಕ ಹಾಕುತ್ತಾ ಹೋದೆ.

ಹೋಗಿ ನೋಡಿದರೆ ಆರನೇ ಬೆಡ್ ಎದ್ದು ಕೂತಿದ್ದರು. ಮುಖಕ್ಕೆ ಬೈಪ್ಯಾಪ್ ಮಾಸ್ಕ್ (ಟ್ಯೂಬ್ ಇಲ್ಲದೆ ಗಾಳಿ ಒತ್ತುವ ಮೆಷಿನ್ನಿನದು), ರಕ್ತದಲ್ಲಿ ಆಮ್ಲಜನಕ 92. ಒಂದು ಕೈಯ ಕಟ್ಟು ಬಿಚ್ಚಿಕೊಂಡಿದ್ದರು (ಹೌದು, ಕೈ ಕಟ್ಟಿದ್ದೆವು). ಮೂವತ್ತು ವರ್ಷ ಸಿಟಿ ಬಸ್ ಓಡಿಸಿದ ಕೈ ಅದು. ಬೀಡಿ ಸುಟ್ಟು ಸುಟ್ಟು ಶ್ವಾಸಕೋಶ ಮೊದಲೇ ಅರ್ಧ ಹೋಗಿತ್ತು, ಅದರ ಮೇಲೆ ನ್ಯುಮೋನಿಯಾ ಬಂದು ವೆಂಟಿಲೇಟರ್ ಸೇರಿದ್ದರು. ಅವತ್ತಿಗೆ ಐದು ದಿನ. ನಾನು ಹತ್ತಿರ ಹೋದಾಗ ಮಾಸ್ಕ್ ಸ್ವಲ್ಪ ಎತ್ತಿ, ಹರಿದ ತಮಟೆಯಂಥ ಗಂಟಲಲ್ಲಿ ಕೇಳಿದರು: "ಕಾಫಿ ಸಿಗುತ್ತಾ?"

ಕಾಫಿ ಕೊಡಲಿಲ್ಲ. ಟ್ಯೂಬ್ ತೆಗೆದ ಮೇಲೆ ನುಂಗುವುದು ಸರಿಯಾಗಿದೆಯಾ ಅಂತ ನೋಡದೆ ಏನೂ ಕೊಡುವ ಹಾಗಿಲ್ಲ, ಕಾಫಿ ಹೊಟ್ಟೆಯ ಬದಲು ಶ್ವಾಸಕೋಶಕ್ಕೆ ಇಳಿದರೆ ಮತ್ತೆ ಮೊದಲಿಂದ ಶುರು. ಅವರಿಗೆ ಮತ್ತೆ ಟ್ಯೂಬ್ ಬೇಕಾಗಲಿಲ್ಲ. ನಾಲ್ಕು ದಿನಕ್ಕೆ ಮನೆಗೆ ಹೋದರು. ವಾರವೆಲ್ಲಾ ಐಸಿಯುನಲ್ಲಿ ಅದೇ ಜೋಕು, "ಡ್ರೈವರ್ ಸಾಹೇಬ್ರು ತಾವೇ ಡಿಸ್ಚಾರ್ಜ್ ಮಾಡ್ಕೊಂಡ್ರು" ಅಂತ. ನಾನೂ ನಕ್ಕೆ. ಆದರೆ ಬೆಳಿಗ್ಗೆ ಅವರ ಕೇಸ್ ಶೀಟ್ ತೆಗೆದು ನೋಡಿದಾಗ ಹಿಂದಿನ ಎರಡು ದಿನವೂ ನನ್ನ ಕೈಬರಹದಲ್ಲಿ ಒಂದೇ ಮಾತಿತ್ತು. ನಾಳೆ ನೋಡೋಣ, ನಾಳೆ ನೋಡೋಣ.

ಎರಡು ವರ್ಷ ಆಯಿತು. ಆ ಎರಡು ಸಾಲು ಇನ್ನೂ ಬಿಟ್ಟಿಲ್ಲ. ಅವರು ಕಿತ್ತುಕೊಳ್ಳದೆ ಹೋಗಿದ್ದರೆ ನಾನು ಯಾವಾಗ ತೆಗೆಯುತ್ತಿದ್ದೆ?

ಅಜ್ಜಿಯ ಬೇವಿನೆಣ್ಣೆ

ವೆಂಟಿಲೇಟರ್‌ನಿಂದ ರೋಗಿಯನ್ನು ಹೊರಗೆ ತರುವುದಕ್ಕೆ ನಾವು ವೀನಿಂಗ್ ಅನ್ನುತ್ತೇವೆ. ಅಂದರೆ ಮಗುವಿಗೆ ಮೊಲೆಹಾಲು ಬಿಡಿಸುವುದು. ಪಿಜಿ ಮಾಡುವಾಗ ಈ ಪದ ನನಗೆ ತುಂಬಾ ಹಿಡಿಸಿತ್ತು, ಎಷ್ಟು ಮೃದುವಾಗಿದೆ ಅಂತ. ಆಗ ನಾವು ಮಾಡುತ್ತಿದ್ದದ್ದೂ ಹಾಗೇ. ಮೆಷಿನ್ ನಿಮಿಷಕ್ಕೆ ಹನ್ನೆರಡು ಉಸಿರು ಕೊಡುತ್ತಿದ್ದರೆ ಇವತ್ತು ಹತ್ತು, ನಾಳೆ ಎಂಟು, ನಾಡಿದ್ದು ಆರು. ಮಧ್ಯೆ ಭಾನುವಾರ ಬಂದರೆ ಅವತ್ತು ಏನೂ ಇಳಿಸುವುದಿಲ್ಲ. ಯಾಕೆ ಅಂತ ಕೇಳಬೇಡಿ, ಶ್ವಾಸಕೋಶಕ್ಕೆ ಭಾನುವಾರ ರಜೆ ಇಲ್ಲ, ಸೀನಿಯರ್‌ಗಳಿಗೆ ಇತ್ತು.

ಆದರೆ ನಮ್ಮ ಕಡೆ ಹಾಲು ಬಿಡಿಸುತ್ತಿದ್ದದ್ದು ಹೀಗಾ? ಅರಸೀಕೆರೆಯ ನಮ್ಮಜ್ಜಿ ಎಂಟು ಮಕ್ಕಳಿಗೆ ಹಾಲು ಬಿಡಿಸಿದವಳು. ಇವತ್ತು ಹತ್ತು ಸಲ, ನಾಳೆ ಎಂಟು ಸಲ ಅಂತ ಲೆಕ್ಕ ಇಟ್ಟವಳಲ್ಲ. ಒಂದು ಬೆಳಿಗ್ಗೆ ಬೇವಿನೆಣ್ಣೆ ಸವರಿಕೊಳ್ಳುತ್ತಿದ್ದಳು. ಮಗು ಬಾಯಿ ಹಾಕಿ, ಮುಖ ಹಿಂಡಿ, ಅತ್ತು, ಸಾಯಂಕಾಲದ ಹೊತ್ತಿಗೆ ರಾಗಿ ಸರಿ ತಿನ್ನುತ್ತಿತ್ತು. ಪೂರ್ತಿ ಅತ್ತು ಕಂಗಾಲಾಗಿ ಜ್ವರ ಬರಿಸಿಕೊಂಡರೆ ಅವತ್ತಿಗೆ ಅಜ್ಜಿ ಸೋಲುತ್ತಿದ್ದಳು. ಮೊಲೆ ತೊಳೆದುಕೊಂಡು ಹಾಲು ಕುಡಿಸಿ, ಇನ್ನೊಂದು ದಿನ ಮತ್ತೆ ಪ್ರಯತ್ನ. ನಮ್ಮಮ್ಮ ಇದನ್ನು ನೂರು ಸಲ ಹೇಳಿದ್ದಾರೆ.

ತಮಾಷೆ ಏನೆಂದರೆ ಅಜ್ಜಿಯ ದಾರಿಯೇ ಸರಿ ಅಂತ 1995ರಲ್ಲಿ ಸ್ಪೇನ್‌ನ ಡಾಕ್ಟರ್‌ಗಳು ತೋರಿಸಿದರು. ವೀನಿಂಗ್‌ಗೆ ತಯಾರು ಅಂತ ಅಂದುಕೊಂಡ 546 ರೋಗಿಗಳನ್ನು ಅವರು ಎರಡು ಗಂಟೆ ಸುಮ್ನೆ ತಾವೇ ಉಸಿರಾಡಲು ಬಿಟ್ಟರು. 416 ಜನ ತಡೆದುಕೊಂಡರು! ಮುಕ್ಕಾಲು ಪಾಲು ಜನಕ್ಕೆ ಏನನ್ನೂ ಮೆಲ್ಲಗೆ ಬಿಡಿಸಬೇಕಾಗಿರಲೇ ಇಲ್ಲ. ಉಳಿದ 130 ಜನರಲ್ಲಿ ನಾಲ್ಕು ಥರದ ವಿಧಾನ ಹೋಲಿಸಿ ನೋಡಿದರೆ, ಮೆಷಿನ್ನಿನ ಉಸಿರನ್ನು ದಿನ ದಿನ ಇಳಿಸುತ್ತಾ ಹೋಗುವುದಕ್ಕಿಂತ ದಿನಕ್ಕೊಂದು ಸಲ ಪೂರ್ತಿ ಬಿಟ್ಟು ನೋಡುವುದು ಮೂರು ಪಟ್ಟು ಬೇಗ ಕೆಲಸ ಮಾಡಿತು. ಅಂದರೆ ರೋಗಿಗೆ ಉಸಿರಾಡುವುದನ್ನು ನಾವು ಕಲಿಸಬೇಕಿಲ್ಲ. ಅವರಿಗೆ ಅದು ಹುಟ್ಟಿದಾಗಿಂದ ಗೊತ್ತು. ಕಾಯಿಲೆ ಇಳಿದಿದೆಯಾ ಅಂತ ದಿನಕ್ಕೊಮ್ಮೆ ಬಾಗಿಲು ತೆಗೆದು ನೋಡಬೇಕು, ಅಷ್ಟೇ.

ತೆಗೆದು ನೋಡದೆ ಇದ್ದರೆ ಏನಾಗುತ್ತದೆ ಎನ್ನುವುದಕ್ಕೂ ಲೆಕ್ಕ ಇದೆ. ಎದೆ ಮತ್ತು ಹೊಟ್ಟೆಯ ನಡುವೆ ವಪೆ ಅಂತ ಒಂದು ಸ್ನಾಯು. ಉಸಿರಾಟದ ಮುಖ್ಯ ದುಡಿಮೆಯೆಲ್ಲ ಅದರದ್ದೇ. ಅಂಗದಾನಕ್ಕಾಗಿ ವೆಂಟಿಲೇಟರ್ ಮೇಲಿದ್ದ, ಮೆದುಳು ಸತ್ತವರ ವಪೆಯನ್ನು ಅಮೆರಿಕದಲ್ಲಿ ಪರೀಕ್ಷಿಸಿ 2008ರಲ್ಲಿ ವರದಿ ಮಾಡಿದರು. 18ರಿಂದ 69 ಗಂಟೆ ಸುಮ್ನೆ ಇದ್ದಷ್ಟಕ್ಕೇ ಅದರ ಎಳೆಗಳು ಅರ್ಧಕ್ಕಿಂತ ಸಣ್ಣಗಾಗಿದ್ದವು. ಕಾಲು ಮುರಿದು ಪ್ಲಾಸ್ಟರ್ ಹಾಕಿಸಿಕೊಂಡವರಿಗೆ ತೊಡೆ ಸೊರಗಲು ವಾರಗಳು ಬೇಕು. ಇದು ಎರಡು ಮೂರು ದಿನದಲ್ಲಿ ಸೊರಗುತ್ತದೆ. ಅದಕ್ಕೇ ಈಗ ಆದಷ್ಟೂ ರೋಗಿ ತಾನೇ ಸ್ವಲ್ಪ ಉಸಿರೆಳೆಯುವ ಹಾಗೆ ಮೆಷಿನ್ ಹೊಂದಿಸುತ್ತೇವೆ. ಇದೆಲ್ಲ ನನಗೆ ಗೊತ್ತಿತ್ತು. ಜೂನಿಯರ್‌ಗಳಿಗೆ ಪಾಠವನ್ನೂ ಮಾಡಿದ್ದೆ. ಡ್ರೈವರ್ ಸಾಹೇಬರ ಕೇಸ್ ಶೀಟಿನಲ್ಲಿ ನಾಳೆ ನೋಡೋಣ ಅಂತ ಬರೆದ ಕೈಯೂ ನನ್ನದೇ.

ಅವರ ಲೆಕ್ಕ ಕೆಟ್ಟದಾಗಿಯೂ ಇರಲಿಲ್ಲ. ನಿಮಿಷಕ್ಕೆ 24 ಉಸಿರು, ಒಂದೊಂದು ಉಸಿರಿಗೆ 400 ಮಿಲಿಲೀಟರ್. ಉಸಿರಿನ ವೇಗವನ್ನು ಲೀಟರಿನಿಂದ ಭಾಗಿಸಿದರೆ 60. ಈ ಸಂಖ್ಯೆ 105 ದಾಟಿದರೆ ಪುಟ್ಟ ಪುಟ್ಟ ಉಸಿರಲ್ಲಿ ಏದುತ್ತಿದ್ದಾರೆ, ಟ್ಯೂಬ್ ತೆಗೆದರೆ ಸೋಲುವ ಸಾಧ್ಯತೆ ಜಾಸ್ತಿ ಅಂತ ಅರ್ಥ. 60 ಅಂದರೆ ಡಿಸ್ಟಿಂಕ್ಷನ್. ಪರೀಕ್ಷೆ ಮಾಡುವ ಮೊದಲೇ ಅರ್ಧ ಪಾಸಾದ ಹುಡುಗನನ್ನು ನಾನು ಎರಡು ದಿನ ಹಾಲ್ ಹೊರಗೆ ನಿಲ್ಲಿಸಿದ್ದೆ.

ಮದ್ದೂರು ವಡೆ

ಯಾಕೆ ಅಂತ ನನಗೆ ಗೊತ್ತು. ಅದಕ್ಕೆ ಮೂರು ವಾರ ಹಿಂದೆ ಹೋಗಬೇಕು.

ಚನ್ನಪಟ್ಟಣದ ಕಡೆಯ ಒಬ್ಬ ಅಮ್ಮ. ಮೂತ್ರದ ಸೋಂಕು ರಕ್ತಕ್ಕೆ ಹೋಗಿ, ಬಿಪಿ ಬಿದ್ದು, ಬಾಟಲಿಗಟ್ಟಲೆ ಸಲೈನ್ ಹೋಗಿತ್ತು. ಹೃದಯ ಮೊದಲೇ ಸ್ವಲ್ಪ ಬಲಹೀನ. ಆರನೇ ದಿನ ಚೆನ್ನಾಗಿದ್ದರು. ತಾವೇ ಉಸಿರಾಡುತ್ತಾರಾ ಅಂತ ಅರ್ಧ ಗಂಟೆ ಪರೀಕ್ಷೆ ಕೊಟ್ಟೆ, ಪಾಸಾದರು. ಕೆಮ್ಮು ಜೋರಾಗಿತ್ತು, ಕೈ ಹಿಸುಕಿ ಅಂದರೆ ಹಿಸುಕುತ್ತಿದ್ದರು. ಹನ್ನೊಂದು ಗಂಟೆಗೆ ಟ್ಯೂಬ್ ತೆಗೆದೆ. ಅಂಟು ಟೇಪು ಬಿಚ್ಚಿ, ಬಾಯಿ ಗಂಟಲೆಲ್ಲ ಕಫ ಎಳೆದು, ಕಫ್ಪಿನ ಗಾಳಿ ಬಿಟ್ಟು, "ಜೋರಾಗಿ ಕೆಮ್ಮಮ್ಮ" ಅಂದ ಕ್ಷಣಕ್ಕೆ ಟ್ಯೂಬ್ ಹೊರಗೆ ಬರುತ್ತದಲ್ಲ, ಆಮೇಲೆ ಒಂದೆರಡು ಸೆಕೆಂಡ್ ಎಲ್ಲರೂ ಉಸಿರು ಹಿಡಿದಿರುತ್ತೇವೆ. ರೋಗಿ ಬಿಟ್ಟು. ಅವರು ಮಾತಾಡಿದ ಮೊದಲ ಮಾತು, "ನನ್ ಮಗ ಊಟ ಮಾಡಿದ್ನಾ?" ಮಗ ಅಲ್ಲೇ ಅತ್ತ. ಮಧ್ಯಾಹ್ನ ಸ್ಟಾಫ್‌ಗೆಲ್ಲ ಹಂಚಲಿ ಅಂತ ಊರಿಂದ ಬಂದ ನೆಂಟರ ಕೈಯಲ್ಲಿ ಒಂದು ಬುಟ್ಟಿ ಮದ್ದೂರು ವಡೆ ತರಿಸಿದ್ದ.

ಸಾಯಂಕಾಲ ಏಳಕ್ಕೆ ಆ ಅಮ್ಮ ಬೆವರಲು ಶುರು ಮಾಡಿದರು. ಏಳೂವರೆಗೆ ಬಾಯಲ್ಲಿ ಗುಲಾಬಿ ಬಣ್ಣದ ನೊರೆ. ಏಳೂ ನಲವತ್ತಕ್ಕೆ ಟ್ಯೂಬ್ ಮತ್ತೆ ಗಂಟಲಲ್ಲಿತ್ತು. ಆದದ್ದು ಇಷ್ಟು: ವೆಂಟಿಲೇಟರ್ ಗಾಳಿಯನ್ನು ಒಳಗೆ ಒತ್ತುತ್ತದೆ. ಆ ಒತ್ತಡ ಹೃದಯಕ್ಕೆ ವಾಪಸ್ ಬರುವ ರಕ್ತವನ್ನು ಸ್ವಲ್ಪ ತಡೆದು, ಬಲಹೀನ ಹೃದಯದ ಹೊರೆ ಕಡಿಮೆ ಮಾಡಿರುತ್ತದೆ. ಟ್ಯೂಬ್ ತೆಗೆದ ಕೂಡಲೇ ಆ ಆಸರೆ ಹೋಗುತ್ತದೆ, ರಕ್ತ ನುಗ್ಗುತ್ತದೆ, ಮೈಯಲ್ಲಿ ಉಳಿದಿದ್ದ ಸಲೈನ್ ಎಲ್ಲ ಶ್ವಾಸಕೋಶಕ್ಕೆ ಜಿನುಗುತ್ತದೆ. ಸೋತದ್ದು ಹೃದಯ, ನಾನು ಪರೀಕ್ಷೆ ಮಾಡಿದ್ದು ಶ್ವಾಸಕೋಶವನ್ನು. ಮೊದಲು ನೀರು ತೆಗೆಯಬೇಕಿತ್ತು. ಅರ್ಧ ಗಂಟೆಯ ಪರೀಕ್ಷೆಯಲ್ಲೂ ಮೆಷಿನ್ನಿನ ಒತ್ತಡ ಸ್ವಲ್ಪ ಉಳಿಸಿಕೊಂಡಿದ್ದೆ. ಬರೀ ಟಿ-ಪೀಸ್ (ಮೆಷಿನ್ ಬಿಚ್ಚಿ ಟ್ಯೂಬಿಗೆ ಆಮ್ಲಜನಕ ಕೊಡುವ ಕೊಳವೆ) ಹಾಕಿ, ಯಾವ ಆಸರೆಯೂ ಇಲ್ಲದೆ ನೋಡಿದ್ದರೆ ಬಹುಶಃ ಅಲ್ಲೇ ಗೊತ್ತಾಗುತ್ತಿತ್ತು.

ಮಗನಿಗೆ ಹೇಳಲು ಹೊರಗೆ ಹೋದೆ. ಕೈಯಲ್ಲಿ ಖಾಲಿ ಬುಟ್ಟಿ ಇತ್ತು. "ಬೆಳಿಗ್ಗೆ ಮಾತಾಡಿದ್ರಲ್ಲ ಮೇಡಂ, ಮತ್ತೆ ಯಾಕೆ ಹಾಕಿದ್ರಿ?" ನಾನು ಹೃದಯ, ನೀರು, ಒತ್ತಡ ಅಂತೆಲ್ಲಾ ಹೇಳಿದೆ. ಅವನು ತಲೆಯಾಡಿಸಿದ. ಅವನಿಗೆ ಕೇಳಿಸಿದ್ದು ಮಾತ್ರ, ಅಮ್ಮನನ್ನು ವಾಪಸ್ ಕೊಟ್ಟು ಮತ್ತೆ ಕಿತ್ತುಕೊಂಡರು ಅಂತ.

ಆ ಅಮ್ಮ ಉಳಿದರು. ನಾಲ್ಕು ದಿನ ನೀರು ಇಳಿಯುವ ಇಂಜೆಕ್ಷನ್ ಕೊಟ್ಟು, ಮೂರು ಲೀಟರ್ ಹೊರಗೆ ಹಾಕಿ, ಟ್ಯೂಬ್ ತೆಗೆದ ತಕ್ಷಣ ಬೈಪ್ಯಾಪ್ ಹಾಕಿ ದಾಟಿಸಿದೆವು. ಎಲ್ಲರೂ ಉಳಿಯುವುದಿಲ್ಲ. ಟ್ಯೂಬ್ ತೆಗೆದು ಮತ್ತೆ ಹಾಕಬೇಕಾದವರಲ್ಲಿ ಸಾವು ಬಹಳ ಜಾಸ್ತಿ ಅಂತ ಒಂದಾದ ಮೇಲೊಂದು ಅಧ್ಯಯನ ಹೇಳಿದೆ. ತಿಂಗಳ ಮೀಟಿಂಗಿನಲ್ಲಿ ಆ ಕೇಸ್ ಪರದೆ ಮೇಲೆ ಬಂತು. ಎಷ್ಟು ಗಂಟೆಗೆ ತೆಗೆದಿರಿ, ಎಕೋ (ಹೃದಯದ ಸ್ಕ್ಯಾನ್) ಯಾಕೆ ಮಾಡಲಿಲ್ಲ, ಫ್ಲೂಯಿಡ್ ಲೆಕ್ಕ ಯಾರು ನೋಡಿದರು. ಇಪ್ಪತ್ತು ನಿಮಿಷ. ಕೇಳಿದ್ದೆಲ್ಲ ಸರಿಯಾದ ಪ್ರಶ್ನೆಗಳೇ.

ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರಂತೆ. ನಾನು ಮೂರು ವಾರ ಊದಿ ಕುಡಿದೆ. ಆ ಮಜ್ಜಿಗೆಯಲ್ಲಿ ಒಂದು ಲೋಟ ಡ್ರೈವರ್ ಸಾಹೇಬರದ್ದು.

ಡ್ರೈವರ್ ಸಾಹೇಬರ ಕೇಸೂ ಮೀಟಿಂಗಿಗೆ ಬಂತು. ಆದರೆ ಚರ್ಚೆ ಆದದ್ದು ಕೈ ಕಟ್ಟು ಹೇಗೆ ಸಡಿಲ ಆಯಿತು, ನರ್ಸ್ ಎಲ್ಲಿದ್ದರು ಅನ್ನುವುದರ ಬಗ್ಗೆ. ಆ ಮನುಷ್ಯ ಟ್ಯೂಬ್ ಇಲ್ಲದೆ ಚೆನ್ನಾಗಿದ್ದರಲ್ಲ, ಹಾಗಾದರೆ ಹಿಂದಿನ ಎರಡು ದಿನ ಅದು ಒಳಗೆ ಯಾಕಿತ್ತು ಅಂತ ಒಬ್ಬರೂ ಕೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಬೇಗ ತೆಗೆದ ತಪ್ಪಿಗೆ ಗಂಟೆ, ನಿಮಿಷ, ಮಾಡಿದವರ ಹೆಸರು ಎಲ್ಲ ಇರುತ್ತದೆ. ತಡವಾಗಿ ತೆಗೆದ ತಪ್ಪು ಬಿಲ್ಲಿನಲ್ಲಿ ಎರಡು ಸಾಲು ಜಾಸ್ತಿ, ಅಷ್ಟೇ. ಅದರಿಂದ ಹೊಸದಾಗಿ ನ್ಯುಮೋನಿಯಾ ಬಂದರೂ ಅದನ್ನು ಕಾಯಿಲೆಯ ಖಾತೆಗೆ ಬರೆಯುತ್ತೇವೆ.

ಬಿಲ್ ಅಂದಾಗ ಹೇಳಬೇಕು. "ದುಡ್ಡಿಗೋಸ್ಕರ ಇಟ್ಕೊಂಡಿದೀರಾ?" ಅಂತ ನನ್ನ ಮುಖಕ್ಕೇ ಕೇಳಿದವರಿದ್ದಾರೆ. ಮೊದಲೆಲ್ಲ ಸಿಟ್ಟು ಬರುತ್ತಿತ್ತು. ಈಗ ಅಷ್ಟು ಬರುವುದಿಲ್ಲ. ನಾನು ಕಂಡ ಮಟ್ಟಿಗೆ ದುಡ್ಡಿಗಲ್ಲ, ಹೆದರಿಕೆಗೆ ಇಟ್ಟುಕೊಂಡಿರುತ್ತೇವೆ. ಆದರೆ ಹೊಲ ಅಡ ಇಟ್ಟು ಕೌಂಟರಿನಲ್ಲಿ ಕಟ್ಟುವವರಿಗೆ ಎರಡೂ ಒಂದೇ ಅಲ್ವಾ?

ಕಲ್ಲು ನೀರಲ್ಲಿ ತೇಲುತ್ತಾ?

ತಡಕ್ಕೆ ಇನ್ನೊಂದು ಕಾರಣ ನಿದ್ದೆ. ನಾವು ಕೊಡುವ ನಿದ್ದೆ. ಎಚ್ಚರ ಇಲ್ಲದವರನ್ನು ಪರೀಕ್ಷೆ ಮಾಡುವುದು ಹೇಗೆ? ದಿನಕ್ಕೊಂದು ಸಲ ಸೆಡೇಷನ್ ನಿಲ್ಲಿಸಿ ಎಬ್ಬಿಸಿದರೆ ವೆಂಟಿಲೇಟರ್ ದಿನಗಳು 7.3ರಿಂದ 4.9ಕ್ಕೆ ಇಳಿಯುತ್ತವೆ ಅಂತ ಶಿಕಾಗೋದವರು 2000ದಲ್ಲೇ ತೋರಿಸಿದ್ದರು. ಆದರೂ ರಾತ್ರಿ ಪಾಳಿಗೆ ಮಲಗಿರುವ ರೋಗಿಯೇ ಇಷ್ಟ. ಒಬ್ಬ ನರ್ಸ್‌ಗೆ ಮೂರು ರೋಗಿ ಕೊಟ್ಟು, ಮೂವರನ್ನೂ ಎಚ್ಚರ ಇಡಿ ಅಂತ ರೌಂಡ್ಸಿನಲ್ಲಿ ಭಾಷಣ ಮಾಡುವುದು ಸುಲಭ. ನಾನೇ ಮಾಡಿದ್ದೇನೆ.

ಎಬ್ಬಿಸಿದ ಮೇಲೆ ಬುದ್ಧಿ ನೆಟ್ಟಗಿದೆಯಾ ಅಂತ ನೋಡಲು ಒಂದು ಪ್ರಶ್ನೆಪಟ್ಟಿ ಇದೆ, ಜಗತ್ತಿನಲ್ಲೆಲ್ಲ ಬಳಸುತ್ತಾರೆ. ಬಾಯಲ್ಲಿ ಟ್ಯೂಬ್ ಇರುತ್ತದಲ್ಲ, ತಲೆಯಾಡಿಸಿದರೆ ಸಾಕು. ಕಲ್ಲು ನೀರಲ್ಲಿ ತೇಲುತ್ತಾ? ಸಮುದ್ರದಲ್ಲಿ ಮೀನು ಇರುತ್ತಾ? ಎರಡು ಕೆಜಿಗಿಂತ ಒಂದು ಕೆಜಿ ಜಾಸ್ತಿ ತೂಕನಾ? ನಮ್ಮ ಒಬ್ಬ ಹುಡುಗಿ, ಕೇರಳದವಳು, ಮುದ್ದಾದ ಕನ್ನಡದಲ್ಲಿ ಮಾಗಡಿಯ ಒಬ್ಬ ಅಜ್ಜಿಗೆ ಇದನ್ನೆಲ್ಲ ಕೇಳಿದಳು. ಕಲ್ಲು ತೇಲುತ್ತಾ ಅಂದದ್ದಕ್ಕೆ ಅಜ್ಜಿ ಹೌದು ಅಂತ ಜೋರಾಗಿ ತಲೆಯಾಡಿಸಿದರು. ಬೇರೆಲ್ಲೋ ಇನ್ನೊಂದು ತಪ್ಪು, ಕೈಬೆರಳಿನ ಪರೀಕ್ಷೆಯಲ್ಲಿ ಗೊಂದಲ. ಭ್ರಮೆ ಅಂತ ಬರೆದಾಯಿತು, ಮತ್ತೆ ಮಲಗಿಸಿದ್ದಾಯಿತು. ಎರಡು ದಿನದ ಮೇಲೆ ಟ್ಯೂಬ್ ತೆಗೆದಾಗ ನಾನೇ ಕುತೂಹಲಕ್ಕೆ ಕೇಳಿದೆ. "ರಾಮ ಅಂತ ಬರೆದ್ರೆ ತೇಲತ್ತಲ್ಲವ್ವಾ, ಸೇತುವೆ ಕಟ್ಟಲಿಲ್ವಾ?" ಅಂದರು. ನನ್ನನ್ನೇ ಸಂಶಯದಿಂದ ನೋಡಿದರು.

ಆಮೇಲಿಂದ ಭಾಷೆ ಬಗ್ಗೆ ಸ್ವಲ್ಪ ಹುಚ್ಚು ಹಿಡಿದಿದೆ ನನಗೆ. "ಡೀಪ್ ಬ್ರೀದ್ ಮಾಡಿ" ಅಂದರೆ ರಾಮನಗರದ ರೇಷ್ಮೆ ಬೆಳೆಗಾರ ಮಿಕಮಿಕ ನೋಡುತ್ತಾನೆ. ಮಲ್ಲಿಗೆ ಮೂಸಿದ ಹಾಗೆ ಎಳ್ಕೊಳ್ಳಿ, ಒಲೆ ಊದಿದ ಹಾಗೆ ಬಿಡಿ ಅಂದರೆ ಮಾಡುತ್ತಾನೆ. ಕಟ್ಟುಹಾವು ಕಚ್ಚಿ ಸ್ನಾಯುಗಳೆಲ್ಲ ಸೋತು ವೆಂಟಿಲೇಟರ್ ಸೇರಿದವರಿಗೆ ತಲೆಯನ್ನು ದಿಂಬಿನಿಂದ ಎತ್ತಿ ಐದು ಎಣಿಸುವವರೆಗೂ ಹಿಡಿಯಿರಿ ಅನ್ನುತ್ತೇವೆ. ಕತ್ತು ನಿಲ್ಲದಿದ್ದರೆ ಮೆಷಿನ್ನಿನ ಅಂಕಿ ಏನೇ ಹೇಳಲಿ, ತೆಗೆಯಬಾರದು. ಆ ಐದನ್ನು ನಾನು ಇಂಗ್ಲಿಷಿನಲ್ಲಿ ಎಣಿಸುವುದು ಬಿಟ್ಟಿದ್ದೇನೆ. ಒಂದು, ಎರಡು ಅಂದರೆ ಕೆಲವರು ಆರರವರೆಗೂ ಹಿಡಿಯುತ್ತಾರೆ. ಇದಕ್ಕೆ ಯಾವ ಅಧ್ಯಯನವೂ ಇಲ್ಲ, ನನ್ನ ಅನಿಸಿಕೆ.

ಇವತ್ತು ಯಾಕೆ ಬೇಡ

ಈಗ ನಮ್ಮ ಐಸಿಯುನಲ್ಲಿ ಒಂದು ಬಿಳಿ ಬೋರ್ಡ್ ಇದೆ. ವೆಂಟಿಲೇಟರ್ ಮೇಲಿರುವ ಪ್ರತಿ ಬೆಡ್ಡಿನ ಮುಂದೆ ಒಂದೇ ಕಾಲಂ: ಇವತ್ತು ಯಾಕೆ ತೆಗೆಯಬಾರದು? ಬೆಳಿಗ್ಗೆ ಏಳಕ್ಕೆ ನರ್ಸ್ ಮತ್ತು ಥೆರಪಿಸ್ಟ್ ಸೇರಿ ನೋಡಿ ಇಡುತ್ತಾರೆ. ಡಾಕ್ಟರ್ ಬಂದು ಕಾರಣ ಬರೆಯಬೇಕು. "ನಾಳೆ ನೋಡೋಣ" ಅನ್ನುವುದು ಕಾರಣ ಅಲ್ಲ. ಇದೇನೂ ನನ್ನ ತಲೆಯಿಂದ ಹುಟ್ಟಿದ್ದಲ್ಲ. 1996ರಲ್ಲಿ ಅಮೆರಿಕದಲ್ಲಿ 300 ರೋಗಿಗಳ ಮೇಲೆ ಹೀಗೇ ಮಾಡಿ ನೋಡಿದ್ದರು. ದಿನಾ ಪರೀಕ್ಷೆ ಮಾಡಿ, ಪಾಸಾದರೆ ಡಾಕ್ಟರಿಗೆ ಹೇಳುವುದು. ಹೇಳಿಸಿಕೊಂಡ ಡಾಕ್ಟರ್‌ಗಳ ರೋಗಿಗಳು ನಾಲ್ಕೂವರೆ ದಿನಕ್ಕೆ ಹೊರಬಂದರು, ಉಳಿದವರ ರೋಗಿಗಳಿಗೆ ಆರು ದಿನ ಬೇಕಾಯಿತು. ಹೇಳೋರು ಬೇಕು ನಮಗೆ.

ಮೊದಲ ವಾರ ಆ ಬೋರ್ಡ್ ನೋಡಿ ನನಗೇ ಕಿರಿಕಿರಿ ಆಯಿತು. ಒಂದು ದಿನ ಏನೂ ಕಾರಣ ತೋಚದೆ ಪೆನ್ನು ಹಿಡಿದು ನಿಂತಿದ್ದೆ. ಪಕ್ಕದಲ್ಲಿದ್ದ ಸಿಸ್ಟರ್ ಸುಮ್ನೆ ಟಿ-ಪೀಸ್ ಬಿಚ್ಚಿ ತಂದು ಕೈಗೆ ಕೊಟ್ಟರು. ಮತ್ತೆ ಟ್ಯೂಬ್ ಹಾಕಬೇಕಾದ ಕೇಸುಗಳು ಈಗಲೂ ಬರುತ್ತವೆ. ನೂರರಲ್ಲಿ ಹತ್ತು ಹದಿನೈದು ಎಲ್ಲ ಕಡೆಯೂ ಇರುತ್ತವೆ. ಒಂದೂ ಬರದ ಐಸಿಯು ಇದ್ದರೆ ಅಲ್ಲಿ ಎಷ್ಟು ಜನರನ್ನು ಸುಮ್ಮನೆ ಮಲಗಿಸಿದ್ದಾರೋ ಅಂತ ನನಗೆ ಅನುಮಾನ ಬರುತ್ತದೆ.

ಡ್ರೈವರ್ ಸಾಹೇಬರು ಹೋದ ತಿಂಗಳು ಓಪಿಡಿಗೆ ಬಂದಿದ್ದರು. ಬೀಡಿ ಬಿಟ್ಟಿದ್ದೀನಿ ಅಂದರು, ಜೇಬಿನ ವಾಸನೆ ಬೇರೆ ಹೇಳುತ್ತಿತ್ತು. ಇನ್ಹೇಲರ್ ಎಳೆಯುವುದನ್ನು ತೋರಿಸಿ ಅಂದೆ, ಎಲ್ಲರ ಹಾಗೆ ತಪ್ಪಾಗಿ ಎಳೆದರು. ಎದ್ದು ಹೊರಟವರು ಬಾಗಿಲ ಹತ್ತಿರ ನಿಂತರು.

"ಒಂದು ಕೇಳ್ಬೇಕಿತ್ತು ಮೇಡಂ. ಅವತ್ತು ನಾನು ಎಳ್ಕೊಳ್ದೇ ಇದ್ದಿದ್ರೆ ನೀವು ಯಾವಾಗ ತೆಗೀಬೇಕು ಅಂತಿದ್ರಿ?"

"ಅವತ್ತೇ ಬೆಳಿಗ್ಗೆ," ಅಂದೆ. ಹೇಗೆ ಬಂತೋ ಗೊತ್ತಿಲ್ಲ ಬಾಯಿಗೆ.

"ಅಯ್ಯೋ!" ಅಂತ ಹಣೆ ಹೊಡೆದುಕೊಂಡರು. "ಓಡೋ ಬಸ್ಸಿಂದ ಇಳಿಯೋರ್ನ ಮೂವತ್ತು ವರ್ಷ ಬೈದಿದೀನಿ. ಕೊನೆಗೆ ನಾನೇ ಸ್ಟಾಪ್ ಬರೋದ್ರೊಳಗೆ ಇಳಿದ್ಬಿಟ್ನಲ್ಲ."

ಮುಂದಿನ ಪೇಶೆಂಟ್ ಆಗಲೇ ಒಳಗೆ ಬಂದಿದ್ದರು.